ಕರೆದದ್ದು ಯಾವ ಕಡೆಯಿಂದ

ತುಮಕೂರು, ಹುಡುಗಿಯರ ಹಾಸ್ಟೆಲ್
22 ಸೆಪ್ಟೆಂಬರ್ 2024, ರವಿವಾರ

ಅಬ್ಬಾ, ಸಲಾಂ.

ನೀವು ಹೇಳಿದ ಹಾಗೇ ಕಾಗದ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲು ಬಿಡುವಾಗ ಕಿಟಕಿಯೊಳಗೆ ಕೈ ಹಾಕಿ, "ಫೋನ್ ಬ್ಯಾಡ ಬೇಟಿ, ಕಾಗದ ಬರಿ, ನಿನ್ನ ಕನ್ನಡ ಸುಧಾರಸ್ತೈತಿ" ಅಂದಿರಿ. ಅಷ್ಟು ಹೊತ್ತು ನಮ್ಮ ಉರ್ದುವಿನಲ್ಲಿ ಮಾತಾಡುತ್ತಿದ್ದವರು ಇದೊಂದನ್ನು ಮಾತ್ರ ಬೇಕಂತಲೇ ಕನ್ನಡದಲ್ಲಿ ಹೇಳಿದಿರಿ. ಮನೆಯ ಮಾತನ್ನು ಬರೆಯಲು ನಿಮಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಹಾಗಾಗಿ ಕನ್ನಡವೇ ಗತಿ. ಆರನೇ ಕ್ಲಾಸಿನಿಂದ ಹಾಸ್ಟೆಲ್ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಬೆಳೆದವಳು ನಾನು. ತಪ್ಪು ಇದ್ದರೆ ನಗಬೇಡಿ.

ರೂಮ್‌ಮೇಟ್ ಶಾಯಿಸ್ತಾ ಮಾತ್ರ ನಗುತ್ತಾಳೆ. "ನಿಮ್ಮಪ್ಪಂಗೆ ವಾಟ್ಸಾಪ್ ಇಲ್ವಾ?" ಎಂದಳು. ನಿಮ್ಮದು ಬಟನ್ ಫೋನ್, ದೊಡ್ಡ ಫೋನ್ ಅಮ್ಮಿಯದು ಎಂದೆ. ಖರೇ ಹೇಳಲಾ? ಇದು ಒಂದು ಥರ ಪನಿಶ್‌ಮೆಂಟ್ ಅನಿಸುತ್ತದೆ.

ಇಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲರೂ ನನಗಿಂತ ಹುಷಾರು. ಕ್ಲಾಸಿನಲ್ಲಿ ಡೌಟ್ ಕೇಳಲು ಎದ್ದರೆ ಕೇಳಬೇಕಾದದ್ದೇ ಮರೆತುಹೋಗುತ್ತದೆ. ಒಂದೇ ಒಂದು ಒಳ್ಳೆಯ ಸುದ್ದಿ ಅಂದರೆ, ಮೂರನೇ ವರ್ಷದ ಯಜ್ಞೇಶ್ವರ ಅಣ್ಣನ ಪ್ರಾಜೆಕ್ಟಿಗೆ ಜೂನಿಯರ್ ಬೇಕಾಗಿತ್ತು, ನನ್ನನ್ನು ಸೇರಿಸಿಕೊಂಡರು. ಕೆಲಸ ದೊಡ್ಡದಲ್ಲ, ಮೈಕಿನ ಸ್ಟ್ಯಾಂಡ್ ಹಿಡಿಯುವುದು. ಆದರೆ ವಿಷಯ ಎಷ್ಟು ಚೆನ್ನಾಗಿದೆ ಅಂದರೆ ನಿಮಗೆ ಹೇಳಲೇಬೇಕು. ಮೈಕುಗಳನ್ನು ಒಂದು ಸಾಲಿನಲ್ಲಿ ಇಡುತ್ತೇವೆ. ಯಾರೋ ಚಪ್ಪಾಳೆ ತಟ್ಟುತ್ತಾರೆ. ಶಬ್ದ ಒಂದು ಮೈಕಿಗೆ ಮೊದಲು ಮುಟ್ಟುತ್ತದೆ, ಪಕ್ಕದ್ದಕ್ಕೆ ಒಂಚೂರು ತಡ. ಆ ತಡದಿಂದಲೇ ಕಂಪ್ಯೂಟರ್ ಶಬ್ದ ಯಾವ ಕಡೆಯಿಂದ ಬಂತು ಅಂತ ಹೇಳುತ್ತದೆ. ರೇಡಾರಿನಲ್ಲೂ ಇದೇ ಗಣಿತವಂತೆ.

ಆದರೆ ಅದಕ್ಕೂ ಮೊದಲು ಪ್ರೋಗ್ರಾಮ್ ಒಂದು ಪ್ರಶ್ನೆ ಕೇಳುತ್ತದೆ: ಎಷ್ಟು ಸೋರ್ಸ್? ಅಂದರೆ ಶಬ್ದ ಮಾಡುವವರು ಎಷ್ಟು ಜನ? ನಿನ್ನೆ ಇಬ್ಬರು ಹುಡುಗಿಯರು ಬೇರೆ ಬೇರೆ ಕಡೆ ನಿಂತು ತಟ್ಟಿದರು. ನಾನು ಗಡಿಬಿಡಿಯಲ್ಲಿ 'ಒಂದು' ಅಂತ ಹಾಕಿಬಿಟ್ಟೆ. ಬಾಣದ ಗುರುತು ಇಬ್ಬರನ್ನೂ ಬಿಟ್ಟು ನಡುವಿನ ಗೋಡೆಯನ್ನು ತೋರಿಸಿತು. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನಕ್ಕರು. ಯಜ್ಞೇಶ್ವರ ಅಣ್ಣ ಮಾತ್ರ ನಗದೆ, ಲೆಕ್ಕ ಸರಿಯಾಗಿಯೇ ಇದೆ, ನೀನು ಕೊಟ್ಟ ಸಂಖ್ಯೆ ತಪ್ಪು ಅಂದರು. ನನಗೆ ರಾತ್ರಿ ಊಟ ಸೇರಲಿಲ್ಲ.

ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಹೇಗಿದೆ? ಕಂಪನಿ ಬಸ್ಸು ಈಗಲೂ ನಿಮ್ಮನ್ನು ಬಿಟ್ಟು ಹೋಗುತ್ತದೆಯೇ?

ನಿಮ್ಮ
ಫಿರದೋಸ


ಕಮರಿಪೇಟೆ, ಹುಬ್ಬಳ್ಳಿ
2 ಅಕ್ಟೋಬರ್ 2024

ಪ್ರೀತಿಯ ಬೇಟಿ ಫಿರದೋಸಳಿಗೆ ದುವಾ.

ಇವತ್ತು ಗಾಂಧಿ ಜಯಂತಿ, ಕಂಪನಿ ಸೂಟಿ. ನಿನ್ನ ಕಾಗದ ಮುಟ್ಟಿ ಕೆಲವು ದಿನ ಆಯಿತು, ಬರೆಯಲು ಕೂತಿದ್ದು ಇವತ್ತು. ನಿನ್ನ ಕನ್ನಡ ಛಲೋ ಇದೆ. ನಾನು ಸಾಲಿ ಬಿಟ್ಟ ಮೇಲೆ ರಜೆಯ ಅರ್ಜಿ ಬಿಟ್ಟರೆ ಏನೂ ಬರೆದವನಲ್ಲ. ನಗುವುದಾದರೆ ನೀನು ನಗಬೇಕು.

ಪನಿಶ್‌ಮೆಂಟ್ ಅಲ್ಲ. ಕಾಗದವನ್ನು ಮತ್ತೆ ಮತ್ತೆ ಓದಬಹುದು. ಫೋನಿನ ಮಾತು ಹಾಗಲ್ಲ, ಆಡಿದ ಕೂಡಲೇ ಮುಗಿಯಿತು. ನಿನ್ನ ಅಮ್ಮಿ ಹೇಗೂ ಫೋನಿನಲ್ಲಿ ಎಲ್ಲಾ ಕೇಳಿಕೊಳ್ಳುತ್ತಾಳೆ.

ನಿನ್ನ ಮೈಕಿನ ಸುದ್ದಿ ಓದಿ ಬಹಳ ಖುಷಿ ಆಯಿತು. ನಮ್ಮ ಪ್ರೆಸ್ ಶಾಪಿನಲ್ಲಿ ಸಿದ್ದಲಿಂಗಪ್ಪ ಅಂತ ಇದ್ದಾನೆ, ಗೋಪನಕೊಪ್ಪದವನು, ನೀನು ನೋಡಿಲ್ಲ. ನನ್ನ ಜೊತೆಗೇ ಸೇರಿದವನು. ದಿನವೆಲ್ಲ ಕಬ್ಬಿಣ ಬಡಿಯುವ ಸಪ್ಪಳದಲ್ಲಿ ಅವನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ ಇದೆ. ಧ್ವನಿ ಕೇಳುತ್ತದೆ, ಆದರೆ ಯಾವ ಕಡೆಯಿಂದ ಅಂತ ತಿಳಿಯುವುದಿಲ್ಲ. ಶೆಡ್ಡಿನಲ್ಲಿ ಕ್ರೇನಿನ ಭೋಂಗಾ ಕೂಗಿದರೆ ಅವನು ಮೊದಲು ಎಲ್ಲರ ಮುಖ ನೋಡುತ್ತಾನೆ. ಎಲ್ಲರೂ ಎತ್ತ ನೋಡುತ್ತಾರೋ ಅತ್ತ ತಾನೂ ನೋಡಿ, ಆಮೇಲೆ ಸರಿಯುತ್ತಾನೆ. ಇನ್ನೂ ಯಾರಿಗೂ ಗೊತ್ತಾಗಿಲ್ಲ.

ನಿನ್ನ ಕಾಗದದ ಸುದ್ದಿಯನ್ನು ಅವನಿಗೆ ಹೇಳಿದೆ. ಅವನೊಂದು ಪ್ರಶ್ನೆ ಕೇಳಿದ. ಸಾಲಿನಲ್ಲಿ ಅಷ್ಟು ಮೈಕು ಯಾಕೆ ಬೇಕು? ಒಂದೇ ಇದ್ದರೆ ಆಗುವುದಿಲ್ಲವೇ? ನಿನಗೆ ತಿಳಿದದ್ದನ್ನು ಬರಿ. ಅವಸರ ಇಲ್ಲ.

ಬಸ್ಸಿನದು ತಪ್ಪಿಲ್ಲ. ನಾನೇ ಅದು ಹಿಂದಿನಿಂದ ಬಂದದ್ದನ್ನು ನೋಡುವುದಿಲ್ಲ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಬ್ಬಾ
ಮೌಲಾಲಿ


ತುಮಕೂರು
13 ಅಕ್ಟೋಬರ್ 2024

ಅಬ್ಬಾ, ಸಲಾಂ.

ನಿಮ್ಮ ಕಾಗದ ಬಂದಾಗ ಇಂಟರ್ನಲ್ಸ್ ನಡೆಯುತ್ತಿತ್ತು. ಮ್ಯಾಥ್ಸ್ ಹಾಳಾಯಿತು, ಅದರ ಬಗ್ಗೆ ಕೇಳಬೇಡಿ. ಆದರೆ ನಿಮ್ಮ ಕಾಗದ ಓದಿ ಎಷ್ಟು ಖುಷಿ ಆಯಿತೆಂದರೆ, ನನ್ನ ಓದಿನ ಬಗ್ಗೆ ನೀವು ಪ್ರಶ್ನೆ ಕೇಳಿದ್ದು ಇದೇ ಮೊದಲ ಸಲ! ಸರಿ, ಪ್ರಶ್ನೆ ಸಿದ್ದಲಿಂಗಪ್ಪ ಕಾಕಾ ಅವರದು. ಆದರೂ.

ಉತ್ತರ ಸುಲಭ. ಒಂದೇ ಮೈಕಿನಿಂದ ಆಗುವುದಿಲ್ಲ. ಶಬ್ದ ಬಂತು ಅಂತ ಅದಕ್ಕೆ ಗೊತ್ತಾಗುತ್ತದೆ, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ದಿಕ್ಕು ಇರುವುದು ಶಬ್ದದಲ್ಲಿ ಅಲ್ಲ ಅಬ್ಬಾ, ಒಂದು ಮೈಕಿಗೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸದಲ್ಲಿ. ಒಂದೇ ಇದ್ದರೆ ವ್ಯತ್ಯಾಸ ಎಲ್ಲಿಂದ ತರುವುದು? ದೇವರು ಎರಡು ಕಿವಿ ಕೊಟ್ಟದ್ದೂ ಅದಕ್ಕೇ. ಎಂಥ ಪ್ರೋಗ್ರಾಮ್ ಬರೆದರೂ ಇದು ಇಂಪಾಸಿಬಲ್. ಎಕ್ಸಾಮಿನಲ್ಲಿ ಬಂದರೆ ಒಂದೇ ವಾಕ್ಯದಲ್ಲಿ ಬರೆಯಬಹುದು.

ಕಾಕಾಗೆ ಬೇಜಾರು ಆಗದ ಹಾಗೆ ಹೇಳಿ. ಕಿವಿ ಡಾಕ್ಟರ್ ಹತ್ತಿರ ಹೋಗಲು ಹೇಳಿ. ಮುಖ ನೋಡಿಕೊಂಡು ಎಷ್ಟು ದಿನ ನಡೆಸುತ್ತಾರೆ ಪಾಪ.

ಇನ್ನೊಂದು ಮಾತು ಕೇಳಬೇಕು. ಫೋನಿನಲ್ಲಿ ಕೇಳಲು ಆಗುವುದಿಲ್ಲ, ಯಾಕೆಂದರೆ ಪ್ರತಿ ಸಲ ಫೋನ್ ಎತ್ತುವುದು ಅಮ್ಮಿ. "ಅಬ್ಬಾ ನಮಾಜಿಗೆ ಹೋಗ್ಯಾರ", "ಅಬ್ಬಾ ಮಲಗ್ಯಾರ". ನಿಮಗೆ ನನ್ನ ಮೇಲೆ ಸಿಟ್ಟಿದೆಯಾ? ಏಳನೇ ಕ್ಲಾಸಿನಲ್ಲಿ ಒಂದು ಶನಿವಾರ ವಾರ್ಡನ್ ಮೇಡಂ ಫೋನಿನಿಂದ ನಾನು ಅಳುತ್ತಾ, ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದೆ. ನೀವು, "ಹೂಂ ಬೇಟಿ, ಹೂಂ" ಅಂದಿರಿ. ನಾನು ಟ್ರಂಕ್ ಕಟ್ಟಿಕೊಂಡು ಗೇಟಿನ ಹತ್ತಿರ ಕೂತೆ. ಕತ್ತಲಾಗುವವರೆಗೂ ಕೂತಿದ್ದೆ. ನೀವು ಬರಲಿಲ್ಲ. ಆಮೇಲೆ ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಕಾಗದದಲ್ಲಿ ಧೈರ್ಯ ಬರುತ್ತದೆ, ಅದಕ್ಕೇ ಬರೆದೆ. ಬೇಜಾರು ಮಾಡಿಕೊಳ್ಳಬೇಡಿ.

ಫಿರದೋಸ


ಕಮರಿಪೇಟೆ
27 ಅಕ್ಟೋಬರ್ 2024

ಪ್ರೀತಿಯ ಬೇಟಿಗೆ ದುವಾ.

ಸಿಟ್ಟಿಲ್ಲ. ಯಾವತ್ತೂ ಇರಲಿಲ್ಲ. ಇದನ್ನು ಮೊದಲು ಬರೆದು ಮುಂದಿನದು ಬರೆಯುತ್ತೇನೆ.

ನಿನ್ನ ಉತ್ತರವನ್ನು ಸಿದ್ದಲಿಂಗಪ್ಪನಿಗೆ ಮುಟ್ಟಿಸಿದೆ. "ಹುಡುಗಿ ಖರೇ ಹೇಳ್ಯಾಳ, ಸುಳ್ಳು ಹೇಳಿ ಸಮಾಧಾನ ಮಾಡೋದಕ್ಕಿಂತ ಇದು ಛಲೋ" ಅಂದ.

ದವಾಖಾನೆಗೆ ಅವನು ಹೋಗುವುದಿಲ್ಲ. ಕಿವಿ ಹೋಗಿದೆ ಅಂತ ಒಮ್ಮೆ ಬರಹದಲ್ಲಿ ಬಂದರೆ ಶೆಡ್ಡಿನಲ್ಲಿ ನಿಲ್ಲಿಸುವುದಿಲ್ಲ. ಈ ವಯಸ್ಸಿಗೆ ಬೇರೆ ಕಡೆ ಯಾರು ಕರೆಯುತ್ತಾರೆ? ಅವನಿಗೂ ಓದುವ ಮಗಳಿದ್ದಾಳೆ.

ಈಗ ಇನ್ನೊಂದು ತೊಂದರೆ. ದಸರೆ ಆದ ಮೇಲೆ ಅವನನ್ನು ಪ್ರೆಸ್ಸಿನಿಂದ ತೆಗೆದು ಹಿಂದಿನ ಯಾರ್ಡಿಗೆ ಹಾಕಿದ್ದಾರೆ. ಹಗುರ ಕೆಲಸ ಅಂತ ಪ್ರೀತಿಯಿಂದಲೇ ಹಾಕಿದರು. ಕಬ್ಬಿಣದ ರಾಶಿಗೆ ಸುಣ್ಣದಿಂದ ಗುರುತು ಮಾಡುವುದು. ಅಲ್ಲಿ ಫೋರ್ಕ್‌ಲಿಫ್ಟ್ ಹಿಂದೆ ಮುಂದೆ ಓಡಾಡುತ್ತದೆ, ಮೇಲೆ ಕ್ರೇನು. ಆದರೆ ಮನುಷ್ಯರು ಇಲ್ಲ. ಯಾರ ಮುಖ ನೋಡಬೇಕು? ದಿನವೂ ಜೀವ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ.

ನಿನ್ನ ಯಜ್ಞೇಶ್ವರ ಅಣ್ಣನಿಗೆ ಒಮ್ಮೆ ಕೇಳು. ಒಂದೇ ಇದ್ದವನಿಗೆ ಏನಾದರೂ ದಾರಿ ಇದೆಯಾ ಅಂತ. ಇಲ್ಲದಿದ್ದರೆ ಇಲ್ಲ ಅಂತಲೇ ಬರಿ. ಮ್ಯಾಥ್ಸಿನ ಬಗ್ಗೆ ಕೇಳುವುದಿಲ್ಲ. ಮುಂದಿನ ಸಲ ಆಗುತ್ತದೆ.

ಮೌಲಾಲಿ


ತುಮಕೂರು
10 ನವೆಂಬರ್ 2024

ಅಬ್ಬಾ, ಸಲಾಂ, ಸಲಾಂ!

ದಾರಿ ಇದೆ!

ನಾನು ಇಂಪಾಸಿಬಲ್ ಅಂತ ಬರೆದದ್ದು ತಪ್ಪು. ಅಂದರೆ, ಮೈಕು ಅಲ್ಲಾಡದೆ ಇದ್ದರೆ ಮಾತ್ರ ಅದು ಸರಿ. ಯಜ್ಞೇಶ್ವರ ಅಣ್ಣನನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿದೆ. ಅವರು ಚಹಾದ ಲೋಟವನ್ನು ಮೇಜಿನ ಮೇಲೆ ಗಿರ್ರನೆ ತಿರುಗಿಸಿ, "ಒಂದೇ ಇದ್ರೆ ಅದನ್ನೇ ತಿರುಗಿಸು, ಎಲ್ಲಿ ಜೋರು ಕೇಳುತ್ತೋ ಅದೇ ದಿಕ್ಕು" ಅಂದರು. ಹಳೇ ಕಾಲದ ರೇಡಾರ್ ತಟ್ಟೆ ತಿರುಗುತ್ತಿತ್ತಲ್ಲ, ಹಾಗೆ.

ನಾನು ಸುಮ್ಮನೆ ನಂಬಲಿಲ್ಲ. ಎಡಗಿವಿಗೆ ಹತ್ತಿ ತುಂಬಿ, ಮೇಲೆ ಕೈ ಒತ್ತಿ, ಕಣ್ಣು ಮುಚ್ಚಿ ಕಾರಿಡಾರಿನಲ್ಲಿ ನಿಂತೆ. ಶಾಯಿಸ್ತಾ ಎಲ್ಲೋ ನಿಂತು ತಟ್ಟೆ ಬಡಿದಳು. ಮೊದಲು ಏನೂ ಗೊತ್ತಾಗಲಿಲ್ಲ. ಅಬ್ಬಾ, ಅದು ಎಷ್ಟು ಭಯ ಆಗುತ್ತದೆ! ಶಬ್ದ ತಲೆಯ ಒಳಗೇ ಆಗುತ್ತಿದೆ ಅನಿಸುತ್ತದೆ. ಕಾಕಾ ದಿನವೂ ಹೀಗೇ ಇರುತ್ತಾರಾ? ಆಮೇಲೆ ನಿಧಾನಕ್ಕೆ ಸುತ್ತು ತಿರುಗಿದೆ. ಬಲಗಿವಿ ಒಂದು ಕಡೆ ಬಂದಾಗ ಶಬ್ದ ಜೋರಾಯಿತು. ಕೈ ತೋರಿಸಿ ಕಣ್ಣು ಬಿಟ್ಟರೆ, ಶಾಯಿಸ್ತಾ ಸರಿಯಾಗಿ ಅಲ್ಲೇ! ಮೂರನೇ ರೂಮಿನ ಹುಡುಗಿಯರು ಹೊರಗೆ ಬಂದು, ಇವಳಿಗೇನಾಯಿತು ಅಂತ ನೋಡುತ್ತಿದ್ದರು.

ಕಾಕಾಗೆ ಹೇಳಿ: ಭೋಂಗಾ ಕೇಳಿದ ಕೂಡಲೇ ಓಡಬಾರದು, ನಿಂತಲ್ಲೇ ನಿಲ್ಲಬೇಕು. ನಿಧಾನಕ್ಕೆ ತಿರುಗಬೇಕು. ಬಲಗಿವಿ ಎತ್ತ ಇದ್ದಾಗ ಜೋರು ಕೇಳುತ್ತದೋ ಅಪಾಯ ಅತ್ತ ಇದೆ. ಅದರ ವಿರುದ್ಧ ದಿಕ್ಕಿಗೆ ಸರಿಯಬೇಕು. ಕೆಳಗೆ ಚಿತ್ರ ಬರೆದಿದ್ದೇನೆ. ಟೋಪಿ ಹಾಕಿಕೊಂಡವರು ಕಾಕಾ.

ಯಜ್ಞೇಶ್ವರ ಅಣ್ಣ ಇನ್ನೂ ಒಂದೆರಡು ಕಂಡೀಶನ್ ಹೇಳಿದರು. ಅವು ಎಕ್ಸಾಮಿಗೆ ಬೇಕಾದವು, ಬರೆದರೆ ಕಾಕಾ ಗೊಂದಲ ಮಾಡಿಕೊಳ್ಳುತ್ತಾರೆ. ಇಷ್ಟು ಸಾಕು.

ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಾನು ಕಲಿತದ್ದು ಯಾರಿಗಾದರೂ ಉಪಯೋಗಕ್ಕೆ ಬಂತು ಅನಿಸುತ್ತಿದೆ.

ಫಿರದೋಸ


ಕಮರಿಪೇಟೆ
24 ನವೆಂಬರ್ 2024

ಪ್ರೀತಿಯ ಬೇಟಿಗೆ ಸಾವಿರ ದುವಾ.

ನಿನ್ನ ಚಿತ್ರವನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ಸಿದ್ದಲಿಂಗಪ್ಪನಿಗೆ ತೋರಿಸಲು.

ಕೆಲಸ ಮಾಡುತ್ತದೆ. ಮೊದಲು ನಮ್ಮ ಓಣಿಯಲ್ಲೇ ನೋಡಿದೆವು. ಬೆಳಿಗ್ಗೆ ಪಾವು, ಬ್ರೆಡ್ಡು ಮಾರುವವನ ಸೈಕಲ್ ಗಂಟೆ ಬರುತ್ತದಲ್ಲ, ಎಷ್ಟೋ ವರ್ಷದಿಂದ ಅದು ಎಲ್ಲ ಕಡೆಯಿಂದಲೂ ಬರುತ್ತಿತ್ತು, ಅಂದರೆ ಎಲ್ಲಿಂದಲೂ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ನಿಂತು ನಿಧಾನ ತಿರುಗಿದರೆ, ಮಸೀದಿ ಕಡೆಯ ತಿರುವಿನಲ್ಲಿ ಒಮ್ಮೆಲೇ ಜೋರು. ಆ ಕಡೆ ನೋಡಿದಾಗ ಅವನು ಖರೇನೇ ಅಲ್ಲಿಂದ ಬರುತ್ತಿದ್ದ. ಬೇಟಿ, ಮನುಷ್ಯನಿಗೆ ಆಗುವ ಖುಷಿ ಎಷ್ಟು ಸಣ್ಣ ಸಣ್ಣದರಲ್ಲಿ ಇರುತ್ತದೆ ನೋಡು. ಪಾವಿನವನು, ಏನು ಚಾಚಾ, ಇವತ್ತು ಭಾಳ ನಗಾಕತ್ತೀರಿ ಅಂದ. ಬೇಡವಾಗಿದ್ದರೂ ಪಾವು ತೆಗೆದುಕೊಂಡೆ. ತೆಗೆದುಕೊಂಡೆವು.

ಯಾರ್ಡಿನಲ್ಲೂ ದಿನಾ ಹಾಗೇ ಮಾಡುತ್ತಾನೆ. ನೋಡಿದವರು ಚ್ಯಾಷ್ಟಿ ಮಾಡುತ್ತಾರೆ, ಮಾಡಲಿ. ಜೀವಕ್ಕೆ ಧೈರ್ಯ ಬಂದಿದೆ. "ನನ್ನ ಮಗಳಂಥಾಕಿ ಹೇಳಿಕೊಟ್ಟಾಳ" ಅಂತ ಎಲ್ಲರ ಮುಂದೆ ಹೇಳಬೇಕು ಅನಿಸುತ್ತದಂತೆ, ಆದರೆ ಹೇಳುವ ಹಾಗಿಲ್ಲ.

ನೀನು ಎಡಗಿವಿಗೆ ಹತ್ತಿ ತುಂಬಿ ನೋಡಿದ್ದನ್ನು ಮತ್ತೆ ಮತ್ತೆ ಓದಿದೆ. ಹಾಗೆಲ್ಲ ಮಾಡಬೇಡ. ಹತ್ತಿ ಒಳಗೆ ಉಳಿದೀತು.

ಮೌಲಾಲಿ


ತುಮಕೂರು
15 ಡಿಸೆಂಬರ್ 2024

ಅಬ್ಬಾ, ಸಲಾಂ.

ನಿಮ್ಮ ನವೆಂಬರಿನ ಕಾಗದ ಬಂದ ಮೇಲೆ ನಾನು ಬರೆದ ಎರಡು ಕಾಗದಕ್ಕೂ ಉತ್ತರ ಬಂದಿಲ್ಲ. ಅಂಚೆಯಲ್ಲಿ ಕಳೆದುಹೋದವೋ ಏನೋ. ಅಮ್ಮಿಗೆ ಫೋನ್ ಮಾಡಿದರೆ ಆರಾಮ ಇದ್ದಾರೆ ಅನ್ನುತ್ತಾಳೆ. ಆದರೆ ಹಿಂದೆ ಯಾರೋ ಯಾರದೋ ಹೆಸರು ಕೂಗುತ್ತಿದ್ದರು, ನಮ್ಮ ಮನೆಯ ಸಪ್ಪಳದ ಹಾಗೆ ಇರಲಿಲ್ಲ. ಅದೇನೆಂದು ಕೇಳಿದರೆ ಟಿವಿ ಅಂದಳು. ಎಕ್ಸಾಮ್ ಜನವರಿ ಮೊದಲ ವಾರದಿಂದ. ಒಂದು ಸಾಲು ಬರೆದರೂ ಸಾಕು. ಸಿದ್ದಲಿಂಗಪ್ಪ ಕಾಕಾ ಹೇಗಿದ್ದಾರೆ?

ಫಿರದೋಸ


ತುಮಕೂರು
22 ಡಿಸೆಂಬರ್ 2024

ಅಬ್ಬಾ,

ನಿನ್ನೆ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ನಾನು ಸಿದ್ದಲಿಂಗಪ್ಪ, ನಿಮ್ಮ ಅಪ್ಪಾರ ಜೋಡಿ ಕೆಲಸಾ ಮಾಡಾಂವ" ಅಂದರು. ಮೆಸ್ಸಿನಲ್ಲಿ ಗದ್ದಲ, ನೆಟ್‌ವರ್ಕ್ ಕಟ್ ಕಟ್ ಆಗುತ್ತಿತ್ತು. ನಾನು ಅವರ ಕಿವಿಯ ನೆನಪಾಗಿ ಜೋರಾಗಿ, ಒಂದೊಂದೇ ಪದ ಬಿಡಿಸಿ, "ಕಾಕಾ, ನಾನು ಮಾತಾಡೋದು, ಕೇಳಸ್ತೈತೇನ್ರಿ?" ಅಂತ ಕೂಗಿದೆ. ಇಡೀ ಮೆಸ್ಸು ತಿರುಗಿ ನೋಡಿತು.

ಅವರು ಅಂದರು, "ಯಾಕ ಕೂಗತಿ ತಂಗಿ? ನನಗ ಛಲೋ ಕೇಳಸ್ತೈತಿ."

ನಾನು ಮತ್ತೆ ಕೂಗಿ, ನಿಮ್ಮ ಎಡಗಿವಿ ಅಂತ ಏನೋ ಕೇಳಿದೆ. ಅವರು, "ನನ್ನ ಕಿವಿಗೇನಾಗೇತಿ? ಕಿವಿ ಹೋಗಿದ್ದು ನಿಮ್ಮಪ್ಪ ಮೌಲಾಸಾಬಂದವ್ವಾ" ಅಂದರು.

ನಿಮ್ಮನ್ನು ದವಾಖಾನೆಗೆ ಸೇರಿಸಿದ ಮೇಲೆಯೇ ಅವರಿಗೂ ಗೊತ್ತಾಯಿತಂತೆ. ಅಮ್ಮಿ ನನಗೆ ಹೇಳಬೇಡಿ ಅಂದಿದ್ದಳಂತೆ. ಆದರೂ ಅಪ್ಪನ ಸುದ್ದಿ ಮಗಳಿಗೆ ಗೊತ್ತಿರಬೇಕು ಅನಿಸಿ ಫೋನ್ ಮಾಡಿದೆ ಅಂದರು. ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುತ್ತಿತ್ತು, ಅದರ ಪೀಂ ಪೀಂ ಒಂದು ಕಡೆ. ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಕ್ರೇನಿನ ಭೋಂಗಾ. ನೀವು ನಡುವೆ ನಿಂತು ನಿಧಾನಕ್ಕೆ ತಿರುಗಿ, ಬಲಗಿವಿಯನ್ನು ಕಬ್ಬಿಣದ ರಾಶಿಯ ಕಡೆ ಮಾಡಿ ನಿಂತುಬಿಟ್ಟಿರಿ. ಆ ರಾಶಿಯಲ್ಲಿ ಯಾವ ಶಬ್ದವೂ ಇರಲಿಲ್ಲ. ಫೋರ್ಕ್‌ಲಿಫ್ಟಿಗೆ ನಿಮ್ಮ ಬೆನ್ನಿತ್ತು. ಹಿಂಗಾಲಿ ಪಾದದ ಮೇಲೆ ಹಾಯಿತು.

ಕಾಕಾ ಅಳುತ್ತಿದ್ದರು ಅಬ್ಬಾ. "ದಿನಾ ಹಂಗ ತಿರಗತಿದ್ದಾ. ಮೌಲಾಸಾಬಾ, ನಮಾಜಿಗೆ ಕಿಬ್ಲಾದ ದಿಕ್ಕು ಹುಡಕಾಕತ್ತೀಯೇನ ಅಂತ ನಾನ ಚ್ಯಾಷ್ಟಿ ಮಾಡತಿದ್ದೆ" ಅಂದರು. ಯಾಕೆ ತಿರುಗುತ್ತಿದ್ದಿರಿ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಯಜ್ಞೇಶ್ವರ ಅಣ್ಣ ಹೇಳಿದ ಆ ಒಂದೆರಡು ಕಂಡೀಶನ್ ಏನು ಅಂತ ಈಗ ಬರೆಯುತ್ತೇನೆ. ಒಂದು, ನೀವು ತಿರುಗಿ ಮುಗಿಸುವವರೆಗೆ ಶಬ್ದ ಇದ್ದಲ್ಲೇ ಇರಬೇಕು. ಇನ್ನೊಂದು, ಸೋರ್ಸ್ ಒಂದೇ ಇರಬೇಕು. ಎರಡಿದ್ದರೆ ಜೋರು ನಡುವೆ ಕೇಳುತ್ತದೆ, ಯಾರೂ ಇಲ್ಲದ ಕಡೆ. ನನಗೆ ಇದು ಮೊದಲೇ ಗೊತ್ತಿತ್ತು. ಸೆಪ್ಟೆಂಬರಿನಲ್ಲೇ ಗೋಡೆ ತೋರಿಸಿದ್ದ ಬಾಣದ ಬಗ್ಗೆ ನಿಮಗೆ ನಾನೇ ಬರೆದಿದ್ದೆ. ಕಾರಿಡಾರಿನಲ್ಲಿ ಶಾಯಿಸ್ತಾ ಒಬ್ಬಳೇ ತಟ್ಟೆ ಬಡಿದಳು. ಇನ್ನೊಬ್ಬಳನ್ನು ನಿಲ್ಲಿಸಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಖುಷಿಯಲ್ಲಿದ್ದೆ.

ಈಗಲೇ ಬರುತ್ತೇನೆ ಅಂದರೆ ಅಮ್ಮಿ ಎಕ್ಸಾಮ್ ಮುಗಿಸಿ ಬಾ ಅನ್ನುತ್ತಾಳೆ. ಬಂದರೂ ನಾನೇನು ಮಾಡಲಿ? ಪುಸ್ತಕ ತೆರೆದರೆ ಅಕ್ಷರ ಓಡಾಡುತ್ತವೆ. ನನ್ನನ್ನು ಬೈದು ಒಂದು ಕಾಗದ ಬರೆಯಿರಿ. ಬೈಯದಿದ್ದರೆ ನನಗೆ ತಡೆಯಲು ಆಗುವುದಿಲ್ಲ.

ಫಿರದೋಸ


ಕಮರಿಪೇಟೆ
5 ಜನವರಿ 2025

ಪ್ರೀತಿಯ ಬೇಟಿಗೆ ದುವಾ.

ಮನೆಗೆ ಬಂದಿದ್ದೇನೆ. ಕಾಲು ತಲೆದಿಂಬಿನ ಮೇಲೆ, ನಾನು ಹಾಸಿಗೆಯ ಮೇಲೆ. ಅದಕ್ಕೆ ನನಗಿಂತ ಹೆಚ್ಚು ಮರ್ಯಾದೆ. ಎಲುಬು ಕೂಡುತ್ತದೆ ಅಂದಿದ್ದಾರೆ, ಮೊದಲಿನ ನಡಿಗೆ ಬರುವುದಿಲ್ಲ.

ಬೈಯುವುದಿಲ್ಲ. ನೀನು ಕಳಿಸಿದ್ದು ಸಿದ್ದಲಿಂಗಪ್ಪನಿಗೆ. ಅದನ್ನು ಕಿಸೆಯಲ್ಲಿ ಇಟ್ಟುಕೊಂಡವನು ನಾನು. ನನ್ನ ಹೆಸರಿನಲ್ಲಿ ಕೇಳಿದ್ದರೆ ನೀನು ಎಲ್ಲ ಕಂಡೀಶನ್ನೂ ಬರೆಯುತ್ತಿದ್ದೆ, ಇನ್ನೂ ನಾಲ್ಕು ಸೇರಿಸಿ ಬರೆಯುತ್ತಿದ್ದೆ. ಆ ದಿನ ನನಗೆ ಎರಡು ಅಂತ ಗೊತ್ತಾಗಲಿಲ್ಲ. ಒಂದೇ ದೊಡ್ಡ ಸಪ್ಪಳ ಅನಿಸಿತು. ಗೋಡೆ ತೋರಿಸಿದ ಬಾಣದ ಮಾತು ನಾನೂ ಓದಿದ್ದೆ, ನಕ್ಕಿದ್ದೆ. ಯಾರ್ಡಿನಲ್ಲಿ ಅದು ನೆನಪಿಗೆ ಬರಲಿಲ್ಲ.

ದವಾಖಾನೆಯಲ್ಲಿ ಕಿವಿಯನ್ನೂ ನೋಡಿದರು. ಬರಹದಲ್ಲಿ ಬಂದುಹೋಯಿತು. ಶೆಡ್ಡಿಗೆ ಇನ್ನು ನನ್ನನ್ನು ಬಿಡುವುದಿಲ್ಲ. ಸಿದ್ದಲಿಂಗಪ್ಪ ಹೋಗಿ ಗೇಟಿನಲ್ಲಾದರೂ ಕೂರಿಸಿ ಅಂತ ಕೈ ಮುಗಿದು ಕೇಳಿದನಂತೆ. ಗೇಟಿನಲ್ಲಿ ಲಾರಿ ಹಾರ್ನ್ ಕೇಳಬೇಕಲ್ಲ ಅಂದರಂತೆ. ಅದೂ ಖರೇನೇ. ಬಲಗಿವಿಗೆ ಮಶೀನು ಕೊಟ್ಟಿದ್ದಾರೆ. ಹಾಕಿಕೊಂಡರೆ ಎಲ್ಲವೂ ಜೋರು. ಫ್ಯಾನು, ಚಮಚ, ನಿನ್ನ ಅಮ್ಮಿಯ ಬಳೆ, ಎಲ್ಲ ಒಂದೇ ಕಡೆ ಬಂದು ಕೂರುತ್ತವೆ. ನೀನು ಬರೆದಿದ್ದೆಯಲ್ಲ, ತಲೆಯ ಒಳಗೇ ಅಂತ. ಹಾಗೇ.

ಈಗ ಟ್ರಂಕಿನ ಮಾತು. ಅಕ್ಟೋಬರಿನ ಕಾಗದದಲ್ಲಿ ನೀನು ಕೇಳಿದ್ದೆ, ನಾನು ಉತ್ತರ ಬರೆಯಲಿಲ್ಲ. ನೀನು ಏಳನೇ ಕ್ಲಾಸಿನಲ್ಲಿ ಇದ್ದಾಗಲೇ ನನ್ನ ಕಿವಿ ಹೋಗತೊಡಗಿತ್ತು. ಶನಿವಾರ ನೀನು ಫೋನ್ ಮಾಡಿದಾಗ ನನಗೆ ಧ್ವನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಿನ್ನ ಧ್ವನಿ ಇದೆ, ಅಂದರೆ ನೀನು ಅಲ್ಲಿ ಆರಾಮ ಇದ್ದೀ ಅಂದುಕೊಳ್ಳುತ್ತಿದ್ದೆ. ಅದಕ್ಕೇ ಹೂಂ ಅನ್ನುತ್ತಿದ್ದೆ. ನೀನು ಅತ್ತದ್ದು ನನಗೆ ಕೇಳಿಸಲಿಲ್ಲ ಬೇಟಿ. ಅಷ್ಟು ವರ್ಷ ನೀನು ಏನೇನು ಹೇಳಿದೆಯೋ ನನಗೆ ಗೊತ್ತಿಲ್ಲ. ಈ ಸಲ ಕಾಗದ ಬರಿ ಅಂದದ್ದು ಅದಕ್ಕೇ. ನೀನು ಹೇಳಿದ್ದು ನನಗೆ ಪೂರ್ತಿ ಮುಟ್ಟಿದ್ದು ಸೆಪ್ಟೆಂಬರಿನ ಆ ಕಾಗದದಿಂದ.

ಎಕ್ಸಾಮ್ ಬರಿ. ಆಮೇಲೆ ಬಾ.

ಅಬ್ಬಾ


ತುಮಕೂರು
9 ಫೆಬ್ರುವರಿ 2025, ರವಿವಾರ

ಅಬ್ಬಾ, ಸಲಾಂ.

ಆರಾಮಾಗಿ ಬಂದು ಮುಟ್ಟಿದೆ. ಅರಸೀಕೆರೆಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಅಮ್ಮಿ ಕಟ್ಟಿಕೊಟ್ಟದ್ದನ್ನು ಶಾಯಿಸ್ತಾ ಒಬ್ಬಳೇ ಮುಗಿಸಿದಳು.

ರಜೆಯೆಲ್ಲ ನಿಮ್ಮ ಹತ್ತಿರ ಇದ್ದೂ ನಾನು ಏನೂ ಹೇಳಲಿಲ್ಲ. ಕೂಗಿ ಹೇಳುವ ಮಾತಲ್ಲ ಅದು. ದಿನಾ ಚಹಾ ತಂದಿಟ್ಟೆ, ಕಾಲಿನ ಪಟ್ಟಿ ಬದಲಾಯಿಸುವಾಗ ಅಮ್ಮಿಗೆ ಟಾರ್ಚ್ ಹಿಡಿದೆ. ನೀವು ಉರ್ದುವಿನಲ್ಲಿ ಏನೋ ಕೇಳುತ್ತಿದ್ದಿರಿ, ನಾನು ತಲೆ ಅಲ್ಲಾಡಿಸುತ್ತಿದ್ದೆ. ಹೂಂ, ಹೂಂ. ಸಿದ್ದಲಿಂಗಪ್ಪ ಕಾಕಾ ಬಂದು ಕೂತಾಗ ಮಾತ್ರ ಮನೆಯಲ್ಲಿ ನಗು ಇತ್ತು. ಅವರು ಮಂಡಕ್ಕಿ ಗಿರ್ಮಿಟ್ ತಂದು, ನಿಮ್ಮ ಎದುರಿಗೇ ಕೂತು, ತುಟಿ ಅಗಲಿಸಿ ಮಾತಾಡುತ್ತಿದ್ದರು. ನನಗೆ ಹಾಗೆ ಬರುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ.

ಇಲ್ಲಿ ಲೈಬ್ರರಿಯಲ್ಲಿ ಇರುವುದನ್ನೆಲ್ಲ ನೋಡಿದೆ. ಯಜ್ಞೇಶ್ವರ ಅಣ್ಣನಿಗೆ ಎಲ್ಲ ಹೇಳಿ ಕೇಳಿದೆ. ಅವರು ಈ ಸಲ ಲೋಟ ತಿರುಗಿಸಲಿಲ್ಲ. ಒಂದೇ ಕಿವಿ, ಅದೂ ಅರ್ಧ, ಶಬ್ದ ಎಷ್ಟು ಅಂತ ಗೊತ್ತಿಲ್ಲ, ಅವು ನಿಲ್ಲುವುದೂ ಇಲ್ಲ. ಇದಕ್ಕೆ ದಾರಿ ಇಲ್ಲ ಅಬ್ಬಾ. ಇಲ್ಲ ಅಂದರೆ ಇಲ್ಲ ಅಂತಲೇ ಬರಿ ಅಂದಿದ್ದಿರಿ, ಬರೆದಿದ್ದೇನೆ. ಪ್ರಾಜೆಕ್ಟ್ ಬಿಟ್ಟಿಲ್ಲ. ಎಷ್ಟು ಸೋರ್ಸ್ ಅಂತ ಸ್ಕ್ರೀನ್ ಕೇಳಿದಾಗ ಪಕ್ಕದವರಿಗೆ ಹಾಕಲು ಹೇಳುತ್ತೇನೆ.

ಒಂದು ಒಳ್ಳೆಯದನ್ನು ಬರೆದು ಮುಗಿಸುತ್ತೇನೆ. ಹೊರಡುವ ದಿನ ನಾನು ಕಿಟಕಿಯ ಹತ್ತಿರ ನಿಂತು "ಅಬ್ಬಾ" ಅಂತ ಕರೆದೆ. ಜೋರಾಗಿ ಏನಲ್ಲ, ಸುಮ್ಮನೆ. ನೀವು ಸರಿಯಾಗಿ ಕಿಟಕಿಯ ಕಡೆಗೇ ತಿರುಗಿ ನಕ್ಕಿರಿ. ಮಶೀನು ಸ್ವಲ್ಪ ಸ್ವಲ್ಪ ಹೊಂದಿಕೊಳ್ಳುತ್ತಿದೆ ಅನಿಸುತ್ತದೆ. ತೆಗೆದಿಡಬೇಡಿ, ಹಾಕಿಕೊಳ್ಳುತ್ತಿರಿ.

ನಿಮ್ಮ
ಫಿರದೋಸ


ಕಮರಿಪೇಟೆ
23 ಫೆಬ್ರುವರಿ 2025

ಪ್ರೀತಿಯ ಬೇಟಿ ಫಿರದೋಸಳಿಗೆ ದುವಾ.

ಕಾಗದ ಮುಟ್ಟಿತು. ಕೋಲು ಹಿಡಿದು ಕಟ್ಟೆಯವರೆಗೆ ನಡೆಯುತ್ತೇನೆ. ಪಾವಿನವನು ಈಗ ಗಂಟೆ ಬಾರಿಸುವುದಿಲ್ಲ, ಸೈಕಲ್ಲನ್ನು ನನ್ನ ಎದುರಿಗೆ ತಂದು ನಿಲ್ಲಿಸುತ್ತಾನೆ.

ಮಶೀನು ಹೊಂದಿಕೊಂಡಿಲ್ಲ. ಆ ದಿನ ನಾನು ಕಿಟಕಿಯ ಕಡೆ ತಿರುಗಿ ನಕ್ಕಾಗ ಅಲ್ಲಿ ಯಾರೂ ಇರಲಿಲ್ಲ. ನಗುವುದನ್ನು ನಿಲ್ಲಿಸುವಷ್ಟರಲ್ಲಿ ನೀನು ಬಂದು ನಿಂತೆ. ನಿನ್ನ ಒಂದು ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಬಾಗಿಲಲ್ಲಿ, ನಿನ್ನ ಚೀಲದ ಪಕ್ಕ, ಬಿದ್ದಿತ್ತು. ನೀನು ಕರೆದದ್ದು ಬಾಗಿಲಿನಿಂದ ಅಂತ ನನಗೆ ಅರ್ಥ ಆಯಿತು. ನಿನ್ನ ಮುಖ ನೋಡಿ ಹೇಳಲಿಲ್ಲ.

ಮುಂದಿನ ಸಲ ಬಂದಾಗ ಕರೆಯಬೇಡ ಬೇಟಿ. ನಾನು ಎತ್ತ ನೋಡುತ್ತಿದ್ದೇನೋ ಅತ್ತ ಬಂದು ನಿಲ್ಲು.

ಅಬ್ಬಾ